ವಿಶ್ವೇಶ್ವರನ ಎಲ್ಕ್ ಬೇಟೆ, ಗಾಳಿಗೆ ಬಂದ ಗೈಡು

ಇರುವೆ ಸಾಲು ಅಡ್ಡ ಬಂದರೆ ಸುತ್ತಿಕೊಂಡು ಹೋಗುವ ಮನುಷ್ಯ ವಿಶ್ವೇಶ್ವರ. ಬಚ್ಚಲಲ್ಲಿ ಜೇಡ ಕಂಡರೆ ಅದರ ಮೇಲೆ ಲೋಟ ಬೋರಲು ಹಾಕಿ, ಕೆಳಗೆ ಹಳೇ ಲಗ್ನಪತ್ರಿಕೆ ತೂರಿಸಿ, ಬೇಲಿಯಾಚೆ ಬಿಟ್ಟು, "ಹೋಗಪ್ಪ, ಹುಷಾರು" ಅಂತ ಹೇಳಿ ಬರುವವನು. ಕೇಕು ಕೊಟ್ಟರೆ ಮೊಟ್ಟೆ ಇದೆಯಾ ಅಂತ ಎರಡು ಸಲ ಕೇಳುವವನು. ಇಂಥ ಪುಣ್ಯಾತ್ಮ ಬಿಲ್ಲು ಬಾಣ ಹಿಡಿದು ಎಲ್ಕ್ ಬೇಟೆಗೆ ಹೊರಟ ಅಂದರೆ ಕೇಳಿದವರು ಮೊದಲು ನಗೋರು, ಆಮೇಲೆ ಎಲ್ಕ್ ಅಂದರೇನು ಅಂತ ಕೇಳೋರು.

ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಪ್ಪ ಅಂತಿಟ್ಟುಕೊಳ್ಳಿ. ಎಮ್ಮೆಯಷ್ಟು ಎತ್ತರ, ತಲೆ ಮೇಲೆ ಎಲೆ ಉದುರಿದ ಹುಣಸೆಮರ ನೆಟ್ಟ ಹಾಗೆ ಕೊಂಬು. ಅದು ಇರೋದು ಅಮೆರಿಕದ ಕಾಡುಗಳಲ್ಲಿ, ವಿಶ್ವೇಶ್ವರ ಇರುವ ಐರ್ಲೆಂಡಿನಲ್ಲಿ ಇಲ್ಲ. ಇದ್ದಿದ್ದರೂ ಬಿಲ್ಲಿನಿಂದ ಪ್ರಾಣಿ ಹೊಡೆಯೋಕೆ ಇಲ್ಲಿಯ ಕಾನೂನು ಬಿಡೋದಿಲ್ಲ. ಅದಕ್ಕೇ ವಿಕ್ಲೋ ಬೆಟ್ಟದ ಬಿಲ್ಲುಗಾರರ ಕೂಟದವರು ಫೋಮಿನಲ್ಲಿ ಒಂದು ಎಲ್ಕ್ ಮಾಡಿಸಿ ಇಟ್ಟುಕೊಂಡಿದ್ದಾರೆ. ವರ್ಷಕ್ಕೊಂದು ಸಲ, ಅಕ್ಟೋಬರಿನ ಒಂದು ಭಾನುವಾರ, ಅದನ್ನು ಹೊತ್ತುಕೊಂಡು ಹೋಗಿ ಕಾಡಿನೊಳಗೆ ಎಲ್ಲೋ ನಿಲ್ಲಿಸುತ್ತಾರೆ. ಬಿಲ್ಲುಗಾರರು ಹುಡುಕಿಕೊಂಡು ಹೋಗಿ ಹೊಡೆಯಬೇಕು. ಒಬ್ಬೊಬ್ಬರಿಗೆ ಮೂರೇ ಬಾಣ. ರಕ್ತ ಇಲ್ಲ, ಪಾಪ ಇಲ್ಲ, ಕೊನೆಗೆ ಟೀ ಬ್ರೆಡ್ಡು ಇದೆ. ಜೇಡ ಬಿಟ್ಟುಬರುವವನಿಗೆ ಇದಕ್ಕಿಂತ ಒಳ್ಳೇ ಬೇಟೆ ಎಲ್ಲಿ ಸಿಗಬೇಕು?

ವಿಶ್ವೇಶ್ವರನ ಊರು ಅರಸೀಕೆರೆ, ಈಗ ಇರೋದು ಇಲ್ಲಿಯ ಸಿಟಿವೆಸ್ಟ್ ಬಡಾವಣೆಯಲ್ಲಿ. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದೇ ಆಫೀಸಿನಲ್ಲಿ ಅವನ ಕೆಲಸ. ನಾಲ್ಕು ವರ್ಷದ ಹಿಂದೆ ಆಫೀಸಿನವರೆಲ್ಲ ಒಂದು ದಿನ ಹೊರಗೆ ಹೋದಾಗ ಅವನ ಕೈಗೆ ಬಿಲ್ಲು ಕೊಟ್ಟರು. ಬಿಟ್ಟ ಮೊದಲ ಬಾಣವೇ ನಟ್ಟನಡುವೆ ಹೋಗಿ ನಾಟಿತು. ಗ್ರಹಚಾರ ಅಂದರೆ ಅದೇ. ತಪ್ಪಿದ್ದರೆ ಮನೆಗೆ ಬಂದು ಅನ್ನ ಸಾರು ಉಂಡು ಮಲಗಿರುತ್ತಿದ್ದ. ನಾಟಿತಲ್ಲ, ಮುಂದಿನ ತಿಂಗಳೇ ಸ್ವಂತ ಬಿಲ್ಲು ತಂದ. ಹಳೇ ಕಾಲದ ಮಾದರಿ. ಚಕ್ರ ಇಲ್ಲ, ದುರ್ಬೀನು ಇಲ್ಲ, ಬರೀ ಮರ ಮತ್ತು ದಾರ. ಮಿಕ್ಕಿದ್ದು ದೇವರ ಮೇಲೆ ಭಾರ.

ದೇವರು ಆ ಭಾರ ತೆಗೆದುಕೊಳ್ಳಲಿಲ್ಲ. ಮೊದಲನೇ ವರ್ಷ ಅವನಿಗೆ ಎಲ್ಕೇ ಸಿಗಲಿಲ್ಲ. ಎರಡನೇ ವರ್ಷ ಮಂಜಿನಲ್ಲಿ ಬಿದ್ದ ಮರವೊಂದನ್ನು ಎಲ್ಕ್ ಅಂದುಕೊಂಡು ಮೂರೂ ಬಾಣ ಬಿಟ್ಟ, ಮರಕ್ಕೂ ತಾಗಲಿಲ್ಲ. ಮೂರನೇ ವರ್ಷ ಎಲ್ಕ್ ಸಿಕ್ಕಿತು, ಬಾಣಗಳು ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಅವನ ಹೆಂಡತಿ ವಸುಂಧರಾ ಪಕ್ಕದ ಟಾಲಾ ಊರಿನ ಆಸ್ಪತ್ರೆಯಲ್ಲಿ ನರ್ಸು. ಗಟ್ಟಿಗಿತ್ತಿ. ಮೂರು ವರ್ಷ ಸುಮ್ಮನಿದ್ದಳು. ನಾಲ್ಕನೇ ವರ್ಷ ಸುಮ್ಮನಿರೋಕೆ ಆಗಲಿಲ್ಲ, ಅದಕ್ಕೆ ಕಾರಣ ಬಟ್ಟೆ. ಈ ದೇಶದಲ್ಲಿ ಬಟ್ಟೆ ಒಣಗಿಸೋದು ಒಂದು ತಪಸ್ಸು. ಬಿಸಿಲು ಬಂತು ಅಂತ ಹಗ್ಗಕ್ಕೆ ಹಾಕಿ ತಿರುಗುವಷ್ಟರಲ್ಲಿ ಮಳೆ. ಮನೆಯೊಳಗೆ ನಡುಮನೆಯ ಹೀಟರ್ ಪಕ್ಕ ಒಂದೇ ಒಂದು ಗೋಡೆ ಖಾಲಿ ಇತ್ತು. ಆ ಗೋಡೆಗೆ ಎರಡು ಮೊಳೆ ಹೊಡೆದು ವಿಶ್ವೇಶ್ವರ ತನ್ನ ಬಿಲ್ಲು ಅಡ್ಡ ಮಲಗಿಸಿದ್ದ. ಕೆಳಗೆ ಬಾಣದ ಚೀಲ, ಅದರ ಪಕ್ಕ ಅಭ್ಯಾಸಕ್ಕೆ ಅಂತ ಹುಲ್ಲಿನ ಮೂಟೆ. ವಸುಂಧರಾಳ ಬಟ್ಟೆ ಸ್ಟ್ಯಾಂಡು ಮೆಟ್ಟಿಲ ಕೆಳಗೆ ಕತ್ತಲಲ್ಲಿ, ಒದ್ದೆ ಬಟ್ಟೆಯೆಲ್ಲ ಮುಗ್ಗಲು ವಾಸನೆ.

"ರೀ, ಬನ್ನಿ ಇಲ್ಲಿ," ಅಂದಳು ಒಂದು ಸಂಜೆ. "ಈ ಸಲ ಆ ಬೊಂಬೆಗೆ ಒಂದು ಬಾಣ ನಾಟಿದ್ರೆ ಬಿಲ್ಲು ಇಲ್ಲೇ ಇರ್ಲಿ, ನಾನು ಉಸಿರೆತ್ತಲ್ಲ. ನಾಟ್ಲಿಲ್ಲ ಅಂದ್ರೆ ಸೋಮವಾರ ಬೆಳಿಗ್ಗೆ ಬಿಲ್ಲು ಚಾರಿಟಿ ಅಂಗಡಿಗೆ ದಾನ, ನನ್ನ ಸ್ಟ್ಯಾಂಡು ಇಲ್ಲಿಗೆ. ಒಪ್ಪಿಗೆನಾ?"

"ಎಲ್ಲಿ ನಾಟ್ಬೇಕು ವಸು? ಎದೆಗೇ ನಾಟ್ಬೇಕಾ?"

"ಬಾಲಕ್ಕೆ ನಾಟಿದ್ರೂ ಸರಿ. ನಾನೇನು ಅದನ್ನ ಬೇಯಿಸ್ಬೇಕಾ?"

ಹನ್ನೊಂದು ವರ್ಷದ ಮಗಳು ಇಂಚರಾ ಸೋಫಾದ ಮೇಲಿಂದ ತಲೆಯೆತ್ತಿ, ಇಲ್ಲಿಯ ಮಕ್ಕಳ ರಾಗದಲ್ಲೇ, "ಫೇರ್ ಎನಫ್, ಅಪ್ಪ," ಅಂದಳು. ಸಾಕ್ಷಿಯೂ ಆಯಿತು.

ಎಲ್ಕ್ ದಿನಕ್ಕೆ ಹೋಗೋಕೆ ಎರಡು ದಾರಿ ಇದ್ದವು. ಒಂದು, ಡೆಕ್ಲನ್ ಜೊತೆ ಹೋಗೋದು. ಡೆಕ್ಲನ್ ಆ ಕೂಟದ ಗೈಡು. ಎಪ್ಪತ್ತು ದಾಟಿದ ಮುದುಕ, ಮೂವತ್ತು ವರ್ಷ ಅದೇ ಬೆಟ್ಟದಲ್ಲಿ ಅಂಚೆ ಹಂಚಿದವನು. ಎಲ್ಲಿ ಕಾಲಿಡಬೇಕು, ಗಾಳಿ ಎತ್ತ ಬೀಸುತ್ತೆ, ಎಷ್ಟು ದೂರದಿಂದ ಹೊಡೆಯಬೇಕು, ಎಲ್ಲ ಕೂಸಿಗೆ ತುತ್ತು ತಿನ್ನಿಸಿದ ಹಾಗೆ ಹೇಳಿಕೊಡುತ್ತಾನೆ. ಅವನ ಜೊತೆ ಹೋದವರು ಹೊಡೆಯದೆ ಬಂದದ್ದು ಕಡಿಮೆ. ಇನ್ನೊಂದು, ಒಂದು ನಕ್ಷೆ ಇಸಕೊಂಡು ತಾನೇ ಹೋಗೋದು. ಹಾಗೆ ಹೋಗಿ ಹೊಡೆದವರಿಗೆ ಮಾತ್ರ ಕೊಂಬು ಕೆತ್ತಿದ ಮರದ ಬಿಲ್ಲೆ ಬಹುಮಾನವಾಗಿ ಸಿಗುತ್ತೆ.

ಮೂರು ವರ್ಷವೂ ವಿಶ್ವೇಶ್ವರ ತಾನೇ ಹೋಗಿದ್ದ. ಯಾಕೆ ಅಂದರೆ ಅದು ಮನೆತನದ ಗುಣ. ಅವರಪ್ಪ ರಾಮಲಿಂಗಪ್ಪನವರು ಬಸ್ ಡಿಪೋದಲ್ಲಿ ಗುಮಾಸ್ತರು. ಊರಿಗೆ ಯಾವ ನೆಂಟರು ಬಂದರೂ ಹಳೇಬೀಡಿಗೆ ಕರಕೊಂಡು ಹೋಗೋರು, ಗೈಡನ್ನು ಮಾತ್ರ ಹಿಡಿಯುತ್ತಿರಲಿಲ್ಲ. ಬೇರೆ ಯಾರೋ ಗೈಡ್ ಹಿಡಿದಿದ್ದರೆ ಅವರಿಂದ ನಾಲ್ಕು ಮಾರು ದೂರ ನಿಂತು, ಒಂದು ಕಲ್ಲಾನೆಯನ್ನು ದಿಟ್ಟಿಸಿ ನೋಡುತ್ತಾ, ಕಿವಿ ಮಾತ್ರ ಆ ಕಡೆ ಬಿಟ್ಟಿರೋರು. "ಅವನು ಹೇಳೋದು ಗಾಳೀಲಿ ಬರುತ್ತೆ, ಗಾಳಿಗೆ ಯಾರಪ್ಪನ ಅಪ್ಪಣೆ?" ಅನ್ನೋರು. ಒಂದು ಸಲ ಗೈಡು ತಿರುಗಿ ನೋಡಿ, "ಸ್ವಾಮಿ, ಹತ್ರ ಬನ್ನಿ, ಅಲ್ಲಿಗೆ ಸರಿಯಾಗಿ ಕೇಳ್ಸಲ್ಲ," ಅಂದ. ಮರ್ಯಾದೆಯಿಂದಲೇ ಅಂದ. ರಾಮಲಿಂಗಪ್ಪನವರು ಮೋಡ ನೋಡುವವರ ಹಾಗೆ ಮುಖ ಮೇಲೆತ್ತಿ, ನೆಂಟರನ್ನೆಲ್ಲ ಎಳಕೊಂಡು ಹೊರಗೆ ಬಂದುಬಿಟ್ಟರು. ಆವತ್ತು ಯಾರೂ ಒಳಗಿನ ದೇವರನ್ನೇ ನೋಡಲಿಲ್ಲ. ವಿಶ್ವೇಶ್ವರನಿಗೆ ಆಗ ಒಂಬತ್ತು ವರ್ಷ. ಅದು ಅವನಿಗೆ ಮರೆತಿಲ್ಲ.

ಆದರೆ ಈ ಸಲ ಬಿಲ್ಲೇ ಮನೆ ಬಿಟ್ಟು ಹೋಗುವ ಹೊತ್ತು. ಗೈಡಾ, ಸ್ವಂತವಾ? ಕಂಪ್ಯೂಟರಿನಲ್ಲಿ ಕೋಷ್ಟಕ ಹಾಕಿ ಕೂತ. ದಾರಿ ತಪ್ಪುವ ಭಯಕ್ಕೆ ಇಷ್ಟು ಅಂಕ, ಮರ್ಯಾದೆಗೆ ಇಷ್ಟು, ಬಿಲ್ಲೆಗೆ ಇಷ್ಟು, ಇನ್ನೊಬ್ಬರ ಮುಂದೆ ಗುರಿ ತಪ್ಪಿದರೆ ಆಗುವ ನಾಚಿಕೆಗೆ ಇಷ್ಟು. ಕೂಡಿ ನೋಡಿದರೆ ಎರಡಕ್ಕೂ ಮೂವತ್ತೇಳು. "ಬಟ್ಟೆ ಸ್ಟ್ಯಾಂಡು" ಅಂತ ಇನ್ನೊಂದು ಸಾಲು ಸೇರಿಸಿದ. ಎರಡಕ್ಕೂ ನಲವತ್ತೊಂದಾಯಿತು.

ಕೊನೆಗೆ ಅತ್ತೆಯನ್ನು ಕೇಳಿದ. ಅತ್ತೆ ಜಯಶೀಲಮ್ಮ ಮೂರು ತಿಂಗಳಿಗೆ ಅಂತ ಮಗಳ ಮನೆಗೆ ಬಂದಿದ್ದರು. ಹುರುಳಿಕಾಯಿ ನಾರು ತೆಗೆಯುತ್ತಾ ಪೂರ್ತಿ ಕೇಳಿಸಿಕೊಂಡರು.

"ನೋಡಿ ಅಳಿಯಂದ್ರೇ, ನಾವು ಕಾಶೀಗೆ ಹೋದಾಗ ದಾರಿ ತೋರ್ಸೋಕೆ ಒಬ್ಬ ಪಂಡಾನ್ನ ಹಿಡಿದಿದ್ವಿ. ಅವನು ಗಂಗೆ ಮುಂದೆ ನಿಲ್ಲಿಸಿ, ಇದು ಗಂಗೆ ಅಂದ. ಅಷ್ಟು ದೊಡ್ಡ ನದಿ ನಮಗೇ ಕಾಣ್ತಿರ್ಲಿಲ್ವಾ?"

"ಹಂಗಾದ್ರೆ ಗೈಡ್ ಬೇಡ ಅಂತೀರಾ ಅತ್ತೆ?"

"ಅಯ್ಯೋ, ಅವನಿಲ್ದೆ ಹೋಗಿದ್ರೆ ನಿಮ್ಮ ಮಾವನವರು ಇವತ್ತಿಗೂ ಅದೇ ಗಲ್ಲೀಲಿ ಸುತ್ತುತಾ ಇರ್ತಿದ್ರು."

"ಹಂಗಾದ್ರೆ ಬೇಕು ಅಂತೀರಾ?"

"ಒಂದೊಂದ್ಸಲ ಸುತ್ತುತಾ ಇದ್ದಿದ್ರೇ ಚೆನ್ನಾಗಿತ್ತು ಅನ್ನಿಸ್ತಿತ್ತು ಬಿಡಿ," ಅಂದು ಜಯಶೀಲಮ್ಮ ಇನ್ನೊಂದು ಹುರುಳಿಕಾಯಿ ಮುರಿದರು.

ಇವನು ಹೀಗೆ ತೂಗುತ್ತಾ ಕೂತಿರುವಾಗಲೇ ಆಫೀಸಿನ ಗೆಳೆಯ ದಿಲೀಪ್ ತಕ್ಕಡಿ ಕಿತ್ತುಕೊಂಡ. ಸಿಟಿವೆಸ್ಟಿನ ಕನ್ನಡದವರ ವಾಟ್ಸಾಪ್ ಗುಂಪಿಗೆ ಒಂದು ಸಾಲು ಹಾಕಿಬಿಟ್ಟ: "ನಮ್ಮ ವಿಶ್ವಣ್ಣ ಈ ಭಾನುವಾರ ಗೈಡ್ ಗೀಡ್ ಏನೂ ಇಲ್ಲದೆ, ಒಬ್ಬರೇ ಕಾಡಿಗೆ ನುಗ್ಗಿ ಎಲ್ಕ್ ಹೊಡೀತಾರೆ!" ಮಧ್ಯಾಹ್ನದೊಳಗೆ ಅರವತ್ತು ಜನ ಚಪ್ಪಾಳೆ ಒತ್ತಿದ್ದರು. ಯಾರೋ ಅಡುಗೆಗೆ ಎಷ್ಟು ಮಸಾಲೆ ಬೇಕು ಅಂತಲೂ ಕೇಳಿದ್ದರು.

"ಲೋ ದಿಲೀಪಾ, ನಾನಿನ್ನೂ ತೀರ್ಮಾನ ಮಾಡಿರ್ಲಿಲ್ವಲ್ಲೋ!"

"ಈಗ ಆಯ್ತಲ್ಲ ಗುರು. ಗ್ರ್ಯಾಂಡ್!"

ಅದೇ ವಾರ ಆಯುಧಪೂಜೆ ಬಂತು. ಜಯಶೀಲಮ್ಮ ಕಾರು, ಮಿಕ್ಸಿ, ಅಳಿಯನ ಲ್ಯಾಪ್‌ಟಾಪು, ಮಗಳ ಬಿ.ಪಿ. ನೋಡುವ ಯಂತ್ರ, ಎಲ್ಲವನ್ನೂ ಒರೆಸಿ ಕುಂಕುಮ ಇಟ್ಟರು. ಬಿಲ್ಲನ್ನಂತೂ ದೇವರ ಮುಂದೆ ಪೀಠ ಹಾಕಿ ಕೂರಿಸಿದರು. ಅವರ ಪಾಲಿಗೆ ಆ ಮನೆಯಲ್ಲಿ ಆಯುಧ ಅನ್ನಿಸಿಕೊಳ್ಳೋದು ಅದೊಂದೇ. ಒಡೆಯೋಕೆ ಬೂದಗುಂಬಳ ಸಿಗಲಿಲ್ಲ. ಇಂಚರಾ ಹ್ಯಾಲೋವೀನಿಗೆ ಮುಖ ಕೆತ್ತೋಕೆ ಅಂತ ಇಟ್ಟುಕೊಂಡಿದ್ದ ಕೆಂಪು ಕುಂಬಳ ಸಿಕ್ಕಿತು, ಅದನ್ನೇ ಬಾಗಿಲ ಮುಂದೆ ಒಡೆದರು. "ಅಜ್ಜೀ!" ಅಂತ ಕಿರುಚಿದ ಮೊಮ್ಮಗಳಿಗೆ, "ನಿಮ್ಮಪ್ಪಂಗೆ ಆಗಿರೋ ದೃಷ್ಟಿಗೆ ನಿನ್ನ ಕುಂಬಳ ಸಾಕಾಗುತ್ತೋ ಇಲ್ವೋ ಕಣೇ," ಅಂದರು. ಸಾಲದು ಅನ್ನಿಸಿರಬೇಕು, ಬಿಲ್ಲಿನ ಕೆಳತುದಿಗೆ ಕಪ್ಪು ದಾರದಲ್ಲಿ ಒಂದು ನಿಂಬೆಹಣ್ಣು, ಅದರ ಜೊತೆಗೆ ಊರಿಂದ ತಂದಿದ್ದ ಕರುವಿನ ಕೊರಳ ಗೆಜ್ಜೆ, ಎರಡನ್ನೂ ಗಂಟು ಹಾಕಿದರು.

"ಅತ್ತೆ, ಬೇಟೆಗೆ ಹೋಗೋ ಬಿಲ್ಲಿಗೆ ಯಾರಾದ್ರೂ ಗೆಜ್ಜೆ ಕಟ್ತಾರಾ?"

"ಯಾಕೆ, ಫೋಮಿಗೆ ಕಿವಿ ಕೇಳುತ್ತಾ?"

ಅವನು ಗಂಟಿನ ಕಡೆ ಕೈ ಚಾಚಿದ.

"ಬಾಣ ನಾಟಿದ ಮೇಲೆ ನೀವೇ ಬಿಚ್ಚಿ ತಂದು ನನ್ನ ಕೈಗೆ ಕೊಡ್ಬೇಕು. ಅಲ್ಲೀ ತನಕ ಮುಟ್ಬೇಡಿ," ಅಂದರು. ಅತ್ತೆಯ ಮಾತು, ಅದೂ ಪೂಜೆಯ ಗಂಟು. ವಿಶ್ವೇಶ್ವರ ಮುಟ್ಟಲಿಲ್ಲ.

ಭಾನುವಾರ ಬೆಳಿಗ್ಗೆ ವಿಕ್ಲೋ ಬೆಟ್ಟದ ಮೇಲೆ ಮಜ್ಜಿಗೆ ಚೆಲ್ಲಿದ ಹಾಗೆ ಮಂಜು. ಬರುವಾಗ ಬಾಗಿಲ ಹತ್ತಿರ ವಸುಂಧರಾ ಚಾರಿಟಿ ಅಂಗಡಿಯ ಚೀಲ ಬಿಚ್ಚಿ ಇಟ್ಟಿದ್ದನ್ನು ಅವನು ನೋಡಿಯೇ ಬಂದಿದ್ದ. ಕಾರು ನಿಲ್ಲಿಸುವ ಜಾಗದಲ್ಲಿ ಒಬ್ಬ ಹೆಂಗಸು ಹಲಗೆ ಇಟ್ಟುಕೊಂಡು ಹೆಸರು ಬರೆದುಕೊಳ್ಳುತ್ತಿದ್ದಳು. "ಗೈಡ್ ಜೊತೆ ಹೋಗೋರು ಈಗಲೇ ಹೇಳಬೇಕು. ಆಮೇಲೆ ಸೇರಿಕೊಂಡರೆ ಹೊಡೆದದ್ದು ಲೆಕ್ಕಕ್ಕಿಲ್ಲ," ಅಂದಳು. ಆರು ಜನ ಡೆಕ್ಲನ್ ಕಡೆ ಹೋಗಿ ನಿಂತರು. ವಿಶ್ವೇಶ್ವರ ಅರವತ್ತು ಚಪ್ಪಾಳೆ ನೆನೆಸಿಕೊಂಡು, "ನಾನೊಬ್ಬನೇ," ಅಂದ. ನಕ್ಷೆ ಇಸಕೊಂಡು, ಘಲ್ ಘಲ್ ಅಂತ ಕಾಡು ಹೊಕ್ಕ.

ಅರ್ಧ ಗಂಟೆ ನಡೆದು, ಜರಿಗಿಡ ತುಳಿದು, ಒಂದು ತೊರೆ ದಾಟಿ, ಎದುರಿಗೆ ಏನೋ ಹೊಳೆದಂತಾಗಿ ಬಗ್ಗಿ ಬಗ್ಗಿ ಹತ್ತಿರ ಹೋದ. ಅದು ಅವನದೇ ಕಾರು. ಮತ್ತೆ ಹೊರಟ. ಈ ಸಲ ಬೇರೆ ದಾರಿಯಲ್ಲಿ ಅದೇ ಕಾರಿಗೆ ಬಂದ. ನಕ್ಷೆಯನ್ನು ಒಂದು ಕಲ್ಲಿನ ಮೇಲೆ ಹರಡಿದ, ಅದು ಒದ್ದೆಯಾಗಿ ಹಪ್ಪಳದ ಹಿಟ್ಟಿನ ಹಾಗೆ ಕಲ್ಲಿಗೇ ಅಂಟಿಕೊಂಡಿತು. ಅಲ್ಲಿಗೆ ನಕ್ಷೆಯೂ ಮುಗಿಯಿತು.

ಆಗ ಮಂಜಿನೊಳಗಿಂದ ಡೆಕ್ಲನ್‌ನ ದನಿ ಕೇಳಿಸಿತು. "ಇಲ್ಲಿ ನೋಡಿಕೊಂಡು ಬನ್ನಿ, ಬೇರು ಜಾರುತ್ತೆ."

ಗಾಳಿಗೆ ಯಾರಪ್ಪನ ಅಪ್ಪಣೆ? ವಿಶ್ವೇಶ್ವರ ಒಂದು ಪೈನ್ ಮರದ ಹಿಂದೆ ನಿಂತ. ಅವರು ಹತ್ತು ಹೆಜ್ಜೆ ಇಟ್ಟರೆ ಇವನೂ ಹತ್ತು ಹೆಜ್ಜೆ. ಅವರು ನಿಂತರೆ ಇವನು ಮರದ ತೊಗಟೆಯನ್ನು ಪರೀಕ್ಷೆ ಮಾಡುವವನ ಹಾಗೆ ನಿಲ್ಲುವನು. ಹಳೇಬೀಡಿನ ಕಲ್ಲಾನೆ ಒಂದು ಇಲ್ಲ, ಅಷ್ಟೇ. ಆದರೆ ಪ್ರತಿ ಹೆಜ್ಜೆಗೂ ಗೆಜ್ಜೆ ಘಲ್. ಕೈಯಲ್ಲಿ ಒತ್ತಿ ಹಿಡಿದರೆ ನಿಂಬೆಹಣ್ಣು ಜಾರುವುದು, ನಿಂಬೆಹಣ್ಣು ಹಿಡಿದರೆ ಗೆಜ್ಜೆ ಜಾರುವುದು.

ಗುಂಪಿನಲ್ಲಿ ಒಬ್ಬಳು ಕೇಳಿದಳು: "ಡೆಕ್ಲನ್, ಹಿಂದೆ ಏನೋ ಗಂಟೆ ಸದ್ದು?"

"ಕುರಿ ಇರಬೇಕು," ಅಂದ ಡೆಕ್ಲನ್, ತಿರುಗಿಯೂ ನೋಡದೆ. ಆಮೇಲೆ ಯಾಕೋ ಅವನ ದನಿ ಸ್ವಲ್ಪ ದೊಡ್ಡದಾಯಿತು. "ಎಡಗಡೆ ಕೆಸರಿದೆ. ಹಿಂದೆ ಬರೋ ಕುರಿಗಳು ಬಲಗಡೆಯಿಂದ ಬಂದರೆ ಒಳ್ಳೇದು."

ಕುರಿ ಬಲಗಡೆಯಿಂದ ಬಂತು.

ಒಂದು ತಗ್ಗಿನಲ್ಲಿ, ಎರಡು ಓಕ್ ಮರದ ನಡುವೆ, ಎಲ್ಕ್ ನಿಂತಿತ್ತು. ಆರೂ ಜನ ಸರದಿಯಲ್ಲಿ ಹೊಡೆದರು, ಡೆಕ್ಲನ್ ಹೇಳಿದ ಹಾಗೆ ಹೊಡೆದರು, ಐದು ಜನಕ್ಕೆ ನಾಟಿತು. ಬಾಣ ಕಿತ್ತುಕೊಂಡು ಬಂದ ಮೇಲೆ ಡೆಕ್ಲನ್, "ಈಗ ಎಲ್ಲರೂ ಹಿಂದಿನ ಬಂಡೆಯ ಮರೆಗೆ ಹೋಗಿ ಟೀ ಕುಡಿಯೋಣ. ಹತ್ತು ನಿಮಿಷ ಯಾರೂ ಈ ಕಡೆ ಇಣುಕಬಾರದು," ಅಂತ ಸಾರಿದ. ಊರ ತಳವಾರ ತಮಟೆ ಹೊಡೆದು ಸಾರಿದ ಹಾಗೆ ಸಾರಿದ.

ಅವರು ಮರೆಯಾದ ಮೇಲೆ ವಿಶ್ವೇಶ್ವರ ಈಚೆ ಬಂದ. ಎಲ್ಕ್ ಅವನನ್ನೇ ನೋಡುತ್ತಿತ್ತು. ಗಾಜಿನ ಕಣ್ಣು, ಪಾಪದ ಮುಖ. "ತಪ್ಪು ತಿಳ್ಕೋಬೇಡಪ್ಪ," ಅಂದುಕೊಂಡು ದಾರ ಎಳೆದ. ಮೊದಲನೇ ಬಾಣ ಬೆನ್ನಿನ ಮೇಲೆ ಹಾರಿ ಮಂಜಿನಲ್ಲಿ ಕರಗಿತು.

ಬಂಡೆಯ ಹಿಂದಿನಿಂದ ಡೆಕ್ಲನ್‌ನ ದನಿ, ಗುಂಪಿಗೆ ಪಾಠ ಹೇಳುವ ಹಾಗೆ: "ಬಾಣ ಬೆನ್ನ ಮೇಲೆ ಯಾಕೆ ಹೋಗುತ್ತೆ ಗೊತ್ತಾ? ಮುಖಕ್ಕೆ ಗುರಿ ಇಡೋದರಿಂದ. ಇಷ್ಟು ಹತ್ತಿರದಲ್ಲಿ ಕಾಲಿಗೆ ಗುರಿ ಇಡಬೇಕು."

ವಿಶ್ವೇಶ್ವರ ಎರಡನೇದು ಬಿಟ್ಟ. ಅದು ಅವನ ಶೂಗೆ ಎರಡು ಮಾರು ಮುಂದೆ ನೆಲಕ್ಕೆ ಹೂತುಕೊಂಡಿತು.

"ಕಾಲು ಅಂದರೆ ಅದರ ಕಾಲು. ನಮ್ಮದಲ್ಲ."

ಉಳಿದದ್ದು ಒಂದು. ವಿಶ್ವೇಶ್ವರನ ಕಣ್ಣ ಮುಂದೆ ಚಾರಿಟಿ ಅಂಗಡಿಯ ಚೀಲ ಬಾಯಿ ತೆರೆದು ನಿಂತಿತು. ದಾರ ಎಳೆದ, ಗೆಜ್ಜೆ ಘಲ್ ಅಂದಿತು. ಬಂಡೆಯ ಹಿಂದೆ ಟೀ ಹೀರುವ ಸದ್ದೂ ನಿಂತುಹೋಯಿತು. "ಉಸಿರು ಬಿಡಿ," ಅಂದಿತು ದನಿ, ಈ ಸಲ ಮೆತ್ತಗೆ, "ಉಸಿರು ಬಿಡೋದನ್ನ ಬಹಳ ಜನ ಮರೀತಾರೆ." ವಿಶ್ವೇಶ್ವರ ಉಸಿರು ಬಿಟ್ಟ, ಬಾಣವನ್ನೂ ಬಿಟ್ಟ.

ಟಪ್ ಅಂತ ನಾಟಿತು. ಎದೆಗಲ್ಲ, ಹೊಟ್ಟೆಗಲ್ಲ. ಬಾಲದಿಂದ ನಾಲ್ಕು ಬೆರಳು ಈಚೆ, ಕುಂಡೆಯ ನಟ್ಟನಡುವೆ.

ಬಂಡೆಯ ಮೇಲೆ ಏಳು ತಲೆ ಎದ್ದು ಚಪ್ಪಾಳೆ ಹೊಡೆದವು. "ಸಾಯೋದಿಲ್ಲ," ಅಂದ ಡೆಕ್ಲನ್, "ಆದರೆ ಒಂದು ವಾರ ಕೂರೋದಿಲ್ಲ."

ಎಲ್ಲರೂ ಕಾರು ನಿಲ್ಲಿಸಿದ ಜಾಗಕ್ಕೆ ವಾಪಸ್ ಬಂದರು. ಹಲಗೆಯ ಹೆಂಗಸು ವಿಶ್ವೇಶ್ವರನ ಹೆಸರಿನ ಮುಂದೆ ಬಳಪ ಹಿಡಿದಳು. ಇನ್ನೊಂದು ಕೈಯಲ್ಲಿ ಕೊಂಬಿನ ಬಿಲ್ಲೆ, ಹೊಸದಾಗಿ ಎಣ್ಣೆ ಹಚ್ಚಿದ್ದು, ಮಿರಮಿರ ಮಿಂಚುತ್ತಿತ್ತು. "ನೀವು ಸ್ವಂತ, ಅಲ್ವಾ?"

ಹೂಂ ಅಂದರೆ ಬಿಲ್ಲೆ ಅವನದು. ಅಲ್ಲ ಅಂದರೆ, ಬೆಳಿಗ್ಗೆ ಹೆಸರು ಕೊಡದೆ ಸೇರಿಕೊಂಡವನು, ಹೊಡೆದದ್ದೇ ಲೆಕ್ಕಕ್ಕಿಲ್ಲ. ನಾಳೆ ಬಿಲ್ಲು ಚೀಲದೊಳಗೆ. ಡೆಕ್ಲನ್ ಪಕ್ಕದಲ್ಲೇ ನಿಂತು ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಳ್ಳುತ್ತಿದ್ದ, ಏನೂ ಕೇಳಿಸದವನ ಹಾಗೆ. ವಿಶ್ವೇಶ್ವರ ಮುಖ ಮೇಲೆತ್ತಿದ, ಮೋಡ ನೋಡುವವನ ಹಾಗೆ. ಅಲ್ಲಿ ಅಪ್ಪನ ಮುಖವೇ ಕಂಡಂತಾಯಿತೋ ಏನೋ, ತಟ್ಟನೆ ತಲೆ ಇಳಿಸಿದ.

"ಅಲ್ಲ ಮೇಡಂ. ನಾನು ಇವರ ಹಿಂದೆಯೇ ಹೋದೆ. ಇವರು ಹೇಳಿದ್ದನ್ನೆಲ್ಲ ಕದ್ದು ಕೇಳಿದೆ."

ಹೆಂಗಸು ಬಳಪ ಕೆಳಗಿಳಿಸಿ ಡೆಕ್ಲನ್ ಮುಖ ನೋಡಿದಳು. ಅವನು ಬ್ರೆಡ್ಡು ಪೂರ್ತಿ ಅಗಿದು ನುಂಗಿದ ಮೇಲೆಯೇ ಬಾಯಿ ಬಿಟ್ಟ.

"ಬೆಳಿಗ್ಗೆ ನನ್ನ ಜೊತೆ ಹೊರಟಿದ್ದು ಏಳು ಜನ. ಆರು ಜನ ನಿನ್ನ ಹಲಗೆ ಮೇಲೆ, ಒಬ್ಬ ಗಂಟೆ ಕಟ್ಟಿಕೊಂಡವನು. ಅಂಚೆಯವನಾಗಿದ್ದಾಗಲೂ ನಾನು ಒಂದು ಮನೆ ಬಿಟ್ಟವನಲ್ಲ. ಗೈಡ್ ಜೊತೆ ಅಂತ ಬರಿ."

ಅವಳು ಬರೆದಳು. ಬಿಲ್ಲೆ ಡಬ್ಬಿಗೆ ವಾಪಸ್ ಹೋಯಿತು, ಹೊಡೆದದ್ದು ಲೆಕ್ಕಕ್ಕೆ ಬಂತು. ಗೈಡ್ ಜೊತೆ ಹೋದವರಿಗೆ ಒಂದು ಕೆಲಸ ಇರುತ್ತೆ: ಎಲ್ಕನ್ನು ಹೊತ್ತು ತಂದು ಶೆಡ್ಡಿಗೆ ಸೇರಿಸೋದು. ಯಾರೂ ಹೇಳುವ ಮುಂಚೆಯೇ ವಿಶ್ವೇಶ್ವರ ಮತ್ತೆ ಆ ತಗ್ಗಿಗೆ ಇಳಿದು ಅದರ ಹಿಂಗಾಲು ಹಿಡಿದಿದ್ದ. ತನ್ನ ಬಾಣದ ತೂತಿಗೆ ಮೂಗು ಒತ್ತಿಕೊಂಡು, ಹೆಗಲಲ್ಲಿ ನಿಂಬೆಹಣ್ಣಿನ ಬಿಲ್ಲು ತೂಗಿಕೊಂಡು, ಘಲ್ ಘಲ್ ಅಂತ ಬೆಟ್ಟ ಹತ್ತುವ ಅವನ ಫೋಟೋ ಯಾರೋ ತೆಗೆದರು. ಅದನ್ನು ಅವನೇ ವಾಟ್ಸಾಪ್ ಗುಂಪಿಗೆ ಹಾಕಿ, "ಗೈಡ್ ಇದ್ದರು," ಅಂತ ಕೆಳಗೆ ಬರೆದ. ದಿಲೀಪ್ ಒಬ್ಬನೇ ಉತ್ತರ ಕೊಟ್ಟ: "ಯಾವ ಕಡೆ ಎಲ್ಕ್, ಯಾವ ಕಡೆ ನೀವು ವಿಶ್ವಣ್ಣ?"

ಮನೆ ಬಾಗಿಲು ತೆಗೆದವಳೇ ವಸುಂಧರಾ ಕೇಳಿದಳು.

"ನಾಟ್ತಾ?"

"ನಾಟ್ತು."

"ಎಲ್ಲಿಗೆ?"

"ನೀನು ಹೇಳಿದ ಹತ್ರಾನೇ."

ಗೆಜ್ಜೆ ಬಿಚ್ಚಿ ಅತ್ತೆಯ ಕೈಗೆ ಕೊಟ್ಟ. ಜಯಶೀಲಮ್ಮ ಅದನ್ನು ಕಣ್ಣಿಗೊತ್ತಿಕೊಂಡು, "ನೋಡಿದ್ರಾ, ಗೆಜ್ಜೆ ಇಲ್ದಿದ್ರೆ ಆ ಗೈಡ್‌ಗೆ ನೀವು ಇರೋದೇ ಗೊತ್ತಾಗ್ತಿರ್ಲಿಲ್ಲ," ಅಂದರು. ನಿಂಬೆಹಣ್ಣನ್ನು ಇಂಚರಾ ಒಂದು ಕೋಲಿನಿಂದ ತಳ್ಳಿಕೊಂಡು ಹೋಗಿ ಕಸದ ಡಬ್ಬಿಗೆ ಬೀಳಿಸಿ, ಅಪ್ಪನ ಕಡೆ ತಿರುಗಿ, "ನೌ ಮೈ ಪಂಪ್ಕಿನ್, ಅಪ್ಪ. ಹೊಸ ಕುಂಬಳ ಕೊಡ್ಸು," ಅಂದಳು.

ಬಿಲ್ಲು ಮತ್ತೆ ತನ್ನ ಎರಡು ಮೊಳೆಯ ಮೇಲೆ ಮಲಗಿತು. ವಸುಂಧರಾ ಕೊಟ್ಟ ಮಾತಿಗೆ ತಪ್ಪಲಿಲ್ಲ, ಉಸಿರೆತ್ತಲಿಲ್ಲ. ಸೋಮವಾರ ಬೆಳಿಗ್ಗೆ ವಿಶ್ವೇಶ್ವರ ಕೆಳಗಿಳಿದು ಬರುವ ಹೊತ್ತಿಗೆ ಬಿಲ್ಲಿನ ಈ ತುದಿಯಿಂದ ಆ ತುದಿವರೆಗೆ ಇಂಚರಾಳ ಶಾಲೆಯ ಏಳು ಜೊತೆ ಸಾಕ್ಸು, ಒಂದು ಸ್ವೆಟರು, ಅವನವೇ ಎರಡು ಬನಿಯನ್ನು ಸಾಲಾಗಿ ತೂಗುತ್ತಿದ್ದವು. ಹೀಟರಿನ ಬಿಸಿ ಹದವಾಗಿ ತಾಗುತ್ತಿತ್ತು. ಬಾಗಿಲ ಹತ್ತಿರದ ಚಾರಿಟಿ ಚೀಲದಿಂದ ಹಳೇ ಬಟ್ಟೆ ಸ್ಟ್ಯಾಂಡಿನ ನಾಲ್ಕು ಕಾಲು ಮೇಲೆ ಚಾಚಿಕೊಂಡಿದ್ದವು.

"ವಸು, ಬಿಲ್ಲಿಗೆ ತೇವ ಆಗ್ಬಾರ್ದು ಕಣೇ."

"ಸಾಕ್ಸ್ ಒಣಗ್ಲಿ ರೀ. ಆಮೇಲೆ ಯಾವ ಬೇಟೆಗೆ ಬೇಕಾದ್ರೂ ತಗೊಂಡ್ಹೋಗಿ."